ಎಣ್ಣೆ ಇನ್ನೂ ಇತ್ತು

ಜನವರಿ 6, ಸೋಮವಾರ. ಕಾಕ್ಕನಾಡ್, ಕೊಚ್ಚಿ

ಮುಂಜಾನೆಯ ರೈಲು, ಕಣ್ಣುರಿ, ಕ್ಯಾಂಟೀನಿನಲ್ಲಿ ತಣ್ಣಗಾದ ಅಪ್ಪಂ. ಸೋಮವಾರ ಅಂದರೆ ಹೀಗೇ. ದಿಶಾ ಏಳುವ ಮೊದಲೇ ಹೊರಟಿದ್ದೆ. ಕೆನ್ನೆ ಮುಟ್ಟಿದ್ದಕ್ಕೆ ನಿದ್ದೆಯಲ್ಲೇ "ಪೋ ಅಮ್ಮಾ" ಎಂದಳು. ಹೋದೆ.

ಜನಾರ್ದನ ಸರ್ ಹೊಸ ಕೆಲಸ ಕೊಟ್ಟರು. ತಿರುವನಂತಪುರದ ಪಕ್ಕ ತುಂಬ ಎಂಬ ಊರಿನಲ್ಲಿ ಕೆಡಾ ಡಿವೈಸಸ್ ಎಂಬ ಸಣ್ಣ ಕಂಪನಿ. ನಮ್ಮ ಹೂಡಿಕೆ ಫಂಡ್ ಅದರಲ್ಲಿ ಹಣ ಹಾಕಬಹುದೇ ಬೇಡವೇ — ಮಾರ್ಚಿನೊಳಗೆ ನಾನು ಹೇಳಬೇಕು. ಅವರು ಮಾಡುವುದು ಒಂದೇ ಯಂತ್ರ, ದೇವರ ಕೋಣೆಗೆ ಆರದ ದೀಪ. ಮಲಯಾಳದಲ್ಲಿ ಕೆಡಾವಿಳಕ್ಕ್, ನಮ್ಮ ನಂದಾದೀಪ. ಹಿತ್ತಾಳೆಯ ದೀಪ, ಸುತ್ತ ಗಾಜು, ಕೆಳಗೊಂದು ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಪಂಪ್ ಎಣ್ಣೆ ಮೇಲೆತ್ತುತ್ತದೆ, ಬತ್ತಿ ತಾನಾಗಿ ಏರಿ ಬರುತ್ತದೆ. ಉರಿ ಮಾತ್ರ ನಿಜವಾದ ಉರಿ. ಎಣ್ಣೆ, ಬತ್ತಿ ಎರಡೂ ಒಂದೇ ಡಬ್ಬಿಯಲ್ಲಿ ಬರುತ್ತವೆ — ರಿಫಿಲ್. ಕಂಪನಿಯದೇ ಆಗಬೇಕು. ಬೇರೆ ಎಣ್ಣೆ ಹೊಯ್ದರೆ ಯಂತ್ರ ಒಪ್ಪುವುದಿಲ್ಲ.

ನಗು ಬಂತು. ತಿರುವನಂತಪುರದ ನಮ್ಮ ಮನೆಯಲ್ಲೂ ಒಂದಿದೆ. ಅತ್ತೆಯ ಮುದ್ದಿನದು.

ಸರ್‌ಗೆ ಹೇಳಿದೆ — ಯಂತ್ರ ಎಷ್ಟು ಹೋಯಿತೆಂದು ನಾನು ನೋಡುವುದಿಲ್ಲ. ಯಂತ್ರ ಗೃಹಪ್ರವೇಶಕ್ಕೆ ಉಡುಗೊರೆಯಾಗಿಯೂ ಹೋಗುತ್ತದೆ, ಆಮೇಲೆ ಅಟ್ಟ ಸೇರುತ್ತದೆ. ರಿಫಿಲ್ ಎಷ್ಟು ಹೋಯಿತು ಹೇಳಿ. ಯಾವ ಮನೆಯಲ್ಲಿ ರಿಫಿಲ್ ಕೊಳ್ಳುತ್ತಾರೋ ಆ ಮನೆಯಲ್ಲಿ ದೀಪ ಉರಿಯುತ್ತಿದೆ. ಕಂಪನಿಯ ಆಯುಸ್ಸು ಇರುವುದು ಅಲ್ಲಿ.

ಸರ್ ತಲೆಯಾಡಿಸಿದರು. ಆಮೇಲೆ ಇನ್ನೊಂದು ಮಾತು. ಇದು ಕೈಗೂಡಿದರೆ ಫಂಡ್ ತಿರುವನಂತಪುರದಲ್ಲಿ ಆಫೀಸು ತೆರೆಯುತ್ತದೆ. ಅಲ್ಲಿಗೆ ನಾನು.

ಅಂದರೆ ಮನೆ! ಪ್ರತಿ ದಿನ! ನಾಲ್ಕು ವರ್ಷದಿಂದ ಶನಿವಾರ ಭಾನುವಾರದ ಅಮ್ಮ ನಾನು. ಆಸೆಯಾಯಿತು ಎಂದು ಇಲ್ಲಿ ಬರೆದುಕೊಳ್ಳಲು ಯಾರ ಹೆದರಿಕೆ? ತುಂಬಾ ಆಸೆಯಾಯಿತು.

ಜನವರಿ 16, ಗುರುವಾರ

ಎರ್ನಾಕುಲಂನಲ್ಲಿ ಮೋಹನ ಚೇಟ್ಟನ, ಅಂದರೆ ಮೋಹನಣ್ಣನ, ಪೂಜಾ ಸಾಮಾನಿನ ಅಂಗಡಿ. ಕೆಡಾ ರಿಫಿಲ್ ಇಲ್ಲಿ ಹೋದಷ್ಟು ಬೇರೆಲ್ಲೂ ಹೋಗುವುದಿಲ್ಲವಂತೆ. ಕರ್ಪೂರದ ವಾಸನೆಗೆ ತಲೆ ಸುತ್ತು. ಆತ ಮಲಯಾಳದಲ್ಲಿ ಹೇಳಿದ್ದರ ಸಾರ — ಒಮ್ಮೆ ಹಿಡಿದವರು ಬಿಡುವುದಿಲ್ಲ ಮೇಡಂ, ಆದರೆ ಕೆಲವರು ಇದ್ದಕ್ಕಿದ್ದ ಹಾಗೆ ಕಾಣೆಯಾಗುತ್ತಾರೆ, ಸ್ವಲ್ಪ ದಿನ ಬಿಟ್ಟು ಮತ್ತೆ ಬರುತ್ತಾರೆ.

ಕಂಪನಿ ಕಳಿಸಿದ ಅಂಕಿಗಳಲ್ಲೂ ಅದೇ. ಚೆನ್ನಾಗಿ ಉರಿಯುತ್ತಿದ್ದ ಮನೆ ಥಟ್ಟನೆ ನಿಲ್ಲುತ್ತದೆ. ಯಂತ್ರದಲ್ಲೇ ದೋಷ ಇರಬಹುದು ಎಂದು ಬರೆದಿಟ್ಟೆ. ಏನೋ ಕಂಡುಹಿಡಿದ ಜಂಬ.

ಜನವರಿ 18, ಶನಿವಾರ. ತಿರುವನಂತಪುರ

ಜಂಬ ಇಳಿಯಿತು.

ಊಟದ ಹೊತ್ತಿಗೆ ಈ ಸಂಗತಿ ಹೇಳಿದೆ. ಅತ್ತೆ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಕ್ಕರು. "ಎಂತ ಓದಿದ್ದು ಹರಿಣಾಕ್ಷಿ ನೀನು? ಸೂತಕ ಬಂದ್ರೆ ದೇವರ ದೀಪ ಹಚ್ಚುದುಂಟಾ? ಇಲ್ಲಿಯವರು ಪುಲ ಅಂತಾರೆ. ನಮ್ಮದಕ್ಕೂ ಹಿಂದೆ ಒಂದು ಕೀ ಉಂಟು, ನೋಡು ಬೇಕಾದ್ರೆ."

ನೋಡಿದೆ. ಉಂಟು! ತಿರುಗಿಸಿದರೆ ದೀಪ ಆರುತ್ತದೆ, ಕಂಪನಿಗೆ ಸುದ್ದಿ ಹೋಗುತ್ತದೆ, ರಿಫಿಲ್ ಕಳಿಸುವುದು ನಿಲ್ಲುತ್ತದೆ. ಸೂತಕ ಕಳೆದ ಮೇಲೆ ಮತ್ತೆ ಶುರು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಲಿಲ್ಲವಲ್ಲ! ದಿಶಾ ಬೇರೆ — "ಅಮ್ಮಯ್ಕ್ ಅದುಂ ಅರಿಯಿಲ್ಲೇ?" ಅಷ್ಟೂ ಗೊತ್ತಿಲ್ಲವೇ ಎಂದು. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಇವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಅದರಲ್ಲೇನೂ ವಿಚಿತ್ರ ಇಲ್ಲ.

ಅನ್ನ ಯಾವಾಗಲೂ ಉಳಿಯುತ್ತದೆ ಎಂದು ಇವರು ಗೊಣಗಿದರು. ಇವರು ಅಂದರೆ ರಾಮದಾಸ್ — ತುಂಬದ ರಾಕೆಟ್ ಕೇಂದ್ರದಲ್ಲಿ ದೊಡ್ಡ ಎಂಜಿನಿಯರ್, ಮನೆಯಲ್ಲಿ ಮಿಕ್ಸಿ ಸದ್ದು ಮಾಡಿದರೂ ಅಂಗಡಿಯವನಿಗೆ ಫೋನ್. ನಾನೆಂದೆ, "ಮೂವರ ಮನೆಗೆ ಇಷ್ಟು ಅಕ್ಕಿ ಯಾಕೆ ಅತ್ತೆ?"

"ಮೂವರಾ? ನಾಲ್ವರು," ಎಂದರು ಅತ್ತೆ. "ನೀನು ಇಲ್ಲದ ದಿವಸವೂ ನಾನು ನಾಲ್ಕು ಜನಕ್ಕೇ ಹಾಕುದು."

ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.

ಫೆಬ್ರವರಿ 4, ಮಂಗಳವಾರ. ತುಂಬ

ಕೆಡಾ ಕಂಪನಿ ಅಂದರೆ ಸಮುದ್ರಕ್ಕೆ ಹತ್ತಿರದ ಒಂದು ಶೆಡ್. ಸುತ್ತಲಿನ ಮೀನುಗಾರರ ಮನೆಯ ಹೆಂಗಸರು ಸಾಲಾಗಿ ಕೂತು ಬತ್ತಿ ಸುತ್ತುತ್ತಾರೆ. ಎಣ್ಣೆ, ಉಪ್ಪುಗಾಳಿ, ಒಣಮೀನು ಎಲ್ಲ ಸೇರಿದ ವಾಸನೆ. ಯಜಮಾನರು ಕೃಷ್ಣಮೂರ್ತಿ, ಮೈಸೂರಿನವರು, ನಿವೃತ್ತ ವಿಜ್ಞಾನಿ. ಕನ್ನಡ ಕೇಳಿ ಮುಖ ಅರಳಿತು.

"ಮೊದಲ್ನೇ ಮಾಡೆಲ್‌ನಲ್ಲಿ ಆರಿಸೋ ಕೀನೇ ಇಟ್ಟಿರ್ಲಿಲ್ಲ ಕಣಮ್ಮ. ನಂದಾದೀಪ ಅಲ್ವಾ, ಯಾರು ಆರಿಸ್ತಾರೆ ಅಂತ. ಸೂತಕ ಮರ್ತೇ ಹೋಗಿತ್ತು. ಜನ ಚೆನ್ನಾಗಿ ಉಗಿದ್ರು."

ಅಂದರೆ ನಾನೊಬ್ಬಳೇ ಪೆದ್ದಿ ಅಲ್ಲ. ಸಮಾಧಾನ.

ನಿಂತ ದೀಪಗಳೆಲ್ಲ ಅವರ ಕಂಪ್ಯೂಟರಿನಲ್ಲಿ ಆ ಕ್ಷಣವೇ ಕಾಣುತ್ತವೆ. ಅದನ್ನು ನನ್ನ ಲ್ಯಾಪ್‌ಟಾಪಿನಲ್ಲೂ ನೋಡುವ ಹಾಗೆ ಮಾಡಿಕೊಟ್ಟರು. ನಿಂತದ್ದು ಸೂತಕಕ್ಕೋ ಬೇಸರಕ್ಕೋ ತಿಳಿಯಬೇಕು, ಕೆಲವು ಮನೆಗಳಿಗೆ ಫೋನ್ ಮಾಡಲೇ ಎಂದು ಕೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು.

"ಮಾಡಿ... ಬೇಡ ಅನ್ನೋಕೆ ನಾನ್ಯಾರು."

ಫೆಬ್ರವರಿ 10, ಸೋಮವಾರ

ಇಡೀ ದಿನ ಫೋನ್. ಸಾವಿನ ಮನೆಗೆ ಫೋನ್ ಮಾಡಿ ಎಣ್ಣೆಯ ಬಗ್ಗೆ ಕೇಳುವ ಕೆಲಸ ಶತ್ರುವಿಗೂ ಬೇಡ. ಆದರೂ ಜನ ಒಳ್ಳೆಯವರು, ಮಾತಾಡಿದರು.

ಅತ್ತೆ ಹೇಳಿದ್ದೇ ಸರಿ. ಬೇಸತ್ತು ಬಿಟ್ಟವರು ಒಬ್ಬರೂ ಇಲ್ಲ. ದೀಪ ನಿಂತ ಪ್ರತಿ ಮನೆಯಲ್ಲೂ ಸಾವು. ಕಂಪನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ?

ಒಂದೇ ತೊಡಕು. ತಾರೀಖು ಕೂಡಿಬರುವುದಿಲ್ಲ. ದೀಪ ನಿಂತದ್ದು ಮೊದಲು, ಸಾವು ಆಮೇಲೆ. ಒಂದು ಕಡೆ ಮಾರನೆಯ ದಿನ. ಒಂದು ಕಡೆ ಮೂರನೆಯ ದಿನ. ಅದಕ್ಕಿಂತ ತಡ ಎಲ್ಲೂ ಇಲ್ಲ.

ಯಂತ್ರದ ಗಡಿಯಾರ ತಪ್ಪಿರಬೇಕು. ಕೃಷ್ಣಮೂರ್ತಿಯವರಿಗೆ ಮೇಲ್ ಹಾಕಿದೆ. ಗಡಿಯಾರ ಸರಿಯಾಗಿದೆ ಎಂದು ಒಂದೇ ಸಾಲಿನ ಉತ್ತರ.

ಫೆಬ್ರವರಿ 14, ಶುಕ್ರವಾರ. ಫೋರ್ಟ್ ಕೊಚ್ಚಿ

ಹೋಗಬಾರದಿತ್ತು. ಹೋದೆ.

ಗೌರಿ ಎಂಬಾಕೆ. ಮಂಗಳೂರು ಕಡೆಯವರು, ಇಲ್ಲಿ ಒಂದು ಹೋಟೆಲಿನಲ್ಲಿ ಲೆಕ್ಕಪತ್ರದ ಕೆಲಸ. ಫೋನಿನಲ್ಲಿ ಕನ್ನಡ ಕೇಳಿ ಅತ್ತುಬಿಟ್ಟಿದ್ದರು, ಬನ್ನಿ ಎಂದು ಕರೆದಿದ್ದರು. ಹೊರಗೆ ಬಿಸಿಲು, ಟೂರಿಸ್ಟುಗಳು, ಐಸ್‌ಕ್ರೀಮ್ ಗಾಡಿ. ಒಳಗೆ ದೇವರ ಮುಂದೆ ಅದೇ ದೀಪ ಮತ್ತೆ ಉರಿಯುತ್ತಿತ್ತು.

"ದೀಪ ಆರಿದ್ದು ಮಂಗಳವಾರ," ಎಂದರು. "ಎಣ್ಣೆ ಇನ್ನೂ ಇತ್ತು. ಗಾಳಿ ತಾಗ್ಲಿಕ್ಕೆ ಇಲ್ಲ, ಸುತ್ತ ಗಾಜು ಉಂಟಲ್ಲ. ಕೀ ನಾವು ಯಾರೂ ಮುಟ್ಲಿಲ್ಲ. ಮತ್ತೆ ಹಚ್ಚಿದೆ, ನಿಲ್ಲಲಿಲ್ಲ. ಮನಸ್ಸಿಗೆ ಎಂತದೋ ಆಯ್ತು. ಮಾವನಿಗೆ ಆರಾಮ ಇರ್ಲಿಲ್ಲ, ಅವರ ಹತ್ರವೇ ಕೂತೆ. ಮಕ್ಕಳನ್ನು ಶಾಲೆಗೆ ಕಳಿಸ್ಲಿಲ್ಲ. ಎಲ್ಲರನ್ನೂ ಕಣ್ಣೆದುರೇ ಇಟ್ಕೊಂಡೆ."

"ಮಾವ...?"

ಆಕೆ ಕಿಟಕಿಯ ಕಡೆ ಕೈ ತೋರಿಸಿದರು. ಒಬ್ಬ ಮುದುಕರು ಅಂಗಳದಲ್ಲಿ ಪೇಪರ್ ಓದುತ್ತಿದ್ದರು.

"ಗುರುವಾರ ಹಡಗಿನ ಕಂಪನಿಯಿಂದ ಫೋನ್ ಬಂತು. ನನ್ನ ಗಂಡ ಹಡಗಿನಲ್ಲಿ ಕೆಲಸಕ್ಕೆ ಇದ್ದದ್ದು. ಏಣಿಯಿಂದ ಜಾರಿದ್ದಂತೆ."

ಆಮೇಲೆ ಇಬ್ಬರೂ ಚಹಾ ಕುಡಿದೆವು. ಹೊರಡುವಾಗ ಕೈ ಹಿಡಿದುಕೊಂಡರು. "ಹೊರಗೆ ಇದ್ದವರನ್ನು ನಾನು ಎಣಿಸ್ಲೇ ಇಲ್ಲ ನೋಡಿ," ಎಂದರು.

ಫೆರಿಯಲ್ಲಿ ಬರುವಾಗ ಮಂಗಳವಾರದಿಂದ ಬೆರಳು ಮಡಚಿ ಎಣಿಸಿದೆ. ಇಲ್ಲೂ ಮೂರನೆಯ ದಿನ.

ಫೆಬ್ರವರಿ 15, ಶನಿವಾರ. ತಿರುವನಂತಪುರ

ಇವರಿಗೆ ಎಲ್ಲ ಹೇಳಿದೆ. ನಕ್ಕರು. "ಕಾಯಿಲೆಯವರು ಇರುವ ಮನೆಯಲ್ಲಿ ದೀಪ ಯಾರು ನೋಡ್ತಾರೆ ಮಾರಾಯ್ತಿ? ಬತ್ತಿ ಸಿಕ್ಕಿ ಹಾಕಿಕೊಳ್ತದೆ, ಆರ್ತದೆ. ಸತ್ತ ಮೇಲೆ ಎಲ್ಲರಿಗೂ ನೆನಪಾಗ್ತದೆ."

"ಹಡಗಿನಲ್ಲಿದ್ದವನಿಗೆ ಎಂತ ಕಾಯಿಲೆ?"

"ಒಂದೆರಡು ಹಾಗೆ ಬರ್ತದೆ. ನೀನು ಫೋನ್ ಮಾಡಿದ್ದೇ ನಿಂತ ಮನೆಗಳಿಗೆ. ನಿಲ್ಲದ ಮನೆಗಳಲ್ಲಿ ಜನ ಸಾಯುದಿಲ್ವಾ? ಕೇಳಿದ್ದೀಯಾ?"

ಕೇಳಿರಲಿಲ್ಲ. ಎಂಜಿನಿಯರ್ ಎಂಬ ಜಾತಿಯ ಮೇಲೆ ಸಿಟ್ಟು ಬಂದರೂ ಹಗುರವಾಯಿತು. ಸಂಜೆ ಅತ್ತೆಗೆ ಕಾಣದ ಹಾಗೆ ದೇವರ ಕೋಣೆಗೆ ಹೋಗಿ ನಮ್ಮ ರಿಫಿಲ್ ನೋಡಿ ಬಂದೆ. ಅರ್ಧಕ್ಕಿಂತ ಹೆಚ್ಚಿತ್ತು. ಉರಿ ಅಲುಗದೆ ನಿಂತಿತ್ತು. ಅದು ನನ್ನನ್ನು ನೋಡುತ್ತಿದೆ ಅನ್ನಿಸಿತು. ಛೆ.

ಫೆಬ್ರವರಿ 25, ಮಂಗಳವಾರ

ಬರೆಯದೆ ಹತ್ತು ದಿನ. ನಿಲ್ಲದ ಮನೆಗಳಿಗೆ ಫೋನ್ ಮಾಡುತ್ತಿದ್ದೆ. ಎಷ್ಟೋ ಮನೆ. ಎಲ್ಲರೂ ಚೆನ್ನಾಗಿದ್ದಾರೆ. ಮುದುಕರು, ಹಾಸಿಗೆ ಹಿಡಿದವರು, ಎಲ್ಲರೂ.

ಇವರಿಗೆ ಹೇಳಲಿಲ್ಲ.

ರಿಫಿಲ್ ಮಾರಾಟ ಮಾತ್ರ ಏರುತ್ತಲೇ ಇದೆ. ಹೊಸ ಯಂತ್ರ ಅಷ್ಟೊಂದು ಹೋಗಿಲ್ಲ, ರಿಫಿಲ್ ಹೋಗುತ್ತಿದೆ. ಮೋಹನ ಚೇಟ್ಟನ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಒಬ್ಬ ಅಮ್ಮ ಡಬ್ಬಿಗಳನ್ನು ಎದೆಗವಚಿಕೊಂಡು ನಿಂತಿದ್ದರು. ಅರ್ಧ ಉಳಿದಿರುವಾಗಲೇ ಬದಲಾಯಿಸುತ್ತಾರಂತೆ. ಮನೆಯಲ್ಲಿ ಒಂದು ಹೆಚ್ಚಿಗೆ ಇಟ್ಟುಕೊಳ್ಳದವರೇ ಇಲ್ಲವಂತೆ. ಯಾಕೆ ಎಂದು ಕೇಳಿದೆ. ಚೇಟ್ಟ ಅಗರಬತ್ತಿ ಜೋಡಿಸುತ್ತ ಮುಖ ತಿರುಗಿಸಿದ. "ಪೇಡಿ," ಎಂದ. ಹೆದರಿಕೆ.

ಜನಕ್ಕೆ ಗೊತ್ತಾಗಿದೆ. ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ, ಕೊಳ್ಳುತ್ತಿದ್ದಾರೆ.

ಮಾರ್ಚ್ 1, ಶನಿವಾರ

ಕೃಷ್ಣಮೂರ್ತಿಯವರಿಗೆ ಫೋನ್. ಸುತ್ತಿ ಬಳಸದೆ ಕೇಳಿದೆ. ನಿಮಗೆ ಗೊತ್ತಿತ್ತೇ?

"ಮೊದಲ್ನೇ ಯಂತ್ರ ನಮ್ಮ ಮನೇಲೇ ಇತ್ತಮ್ಮ," ಎಂದರು. "ಆರಿದ ಮಾರನೇ ದಿನ ನಮ್ಮ ಮನೆಯವಳು ಹೋದ್ಲು. ಚೆನ್ನಾಗೇ ಇದ್ಲು, ಹುಳಿಗೆ ಬೇಳೆ ಹಾಕ್ತಿದ್ಲು. ಆಮೇಲೆ ಆ ಯಂತ್ರಾನ ಒಂದೊಂದು ಸ್ಕ್ರೂ ಬಿಚ್ಚಿ ನೋಡ್ದೆ. ಪಂಪ್ ಸರಿ. ಬತ್ತಿ ಸರಿ. ಎಣ್ಣೆ ಇದೆ. ತಪ್ಪು ಸಿಕ್ಕಿದ್ರೆ ನಾನು ನೆಮ್ಮದಿಯಾಗಿ ಇರ್ತಿದ್ದೆ."

"ಮತ್ತೆ ಮಾರುತ್ತಿದ್ದೀರಲ್ಲ ಸರ್!"

"ಯಂತ್ರ ಯಾರನ್ನೂ ಕೊಲ್ಲಲ್ಲ. ಮುಂಚೆ ತಿಳಿಸುತ್ತೆ ಅಷ್ಟೆ. ಮಾರೋದು ನಿಲ್ಲಿಸಿದ್ರೆ ಈ ಶೆಡ್ಡಿನ ಹೆಂಗಸ್ರು ಎಲ್ಲಿಗೆ ಹೋಗ್ಬೇಕು?" ಸ್ವಲ್ಪ ತಡೆದು, "ನಿಮ್ಮ ರಿಪೋರ್ಟಿನಲ್ಲಿ ಏನು ಬರೀತೀರಿ?"

ನನಗೂ ಗೊತ್ತಿಲ್ಲ ಎಂದೆ. ಸುಳ್ಳು. ಗೊತ್ತಿತ್ತು.

ಮಾರ್ಚ್ 9, ಭಾನುವಾರ. ತಿರುವನಂತಪುರ

ಬರೆದಾಯಿತು. ಹಣ ಹಾಕಬಹುದು. ಗಿರಾಕಿಗಳು ಬಿಡುವುದಿಲ್ಲ, ರಿಫಿಲ್ ಬೇಡಿಕೆ ಏರುತ್ತಲೇ ಹೋಗುತ್ತದೆ. ಕಾರಣ ಎಂಬಲ್ಲಿ ಭಕ್ತಿ ಎಂದು ಬರೆದೆ. ಹೆದರಿಕೆ ಎಂದು ಯಾವ ಫಂಡಿಗೆ ಬರೆಯಲಿ? ಬುಧವಾರ ಮೀಟಿಂಗ್.

ಗುರುವಾರ ಆಟ್ಟುಕಾಲ್ ಪೊಂಗಾಲ. ಊರಿನ ಬೀದಿ ಬೀದಿಯಲ್ಲಿ ಹೆಂಗಸರು ಇಟ್ಟಿಗೆ ಒಲೆ ಹೂಡಿ ಪಾಯಸ ಬೇಯಿಸುವ ದಿನ. ಅತ್ತೆ ಕಾಸರಗೋಡಿನಿಂದ ಬಂದ ವರ್ಷವೇ ಇದಕ್ಕೆ ಸೇರಿಕೊಂಡವರು. ಹೊಸ ಮಣ್ಣಿನ ಮಡಕೆ ತಂದಿಟ್ಟಿದ್ದಾರೆ. ಈ ಸಲ ದಿಶಾಳೂ ಹೋಗುತ್ತಾಳಂತೆ. "ಅಮ್ಮ ವರುಮೋ?" ಬರುತ್ತೀಯಾ ಎಂದಳು. ಮೀಟಿಂಗ್ ಇದೆ, ಮುಂದಿನ ವರ್ಷ ಖಂಡಿತ ಎಂದೆ. ಅವಳು ಹೆಗಲು ಕುಣಿಸಿ ಹೋದಳು. ಮುಂದಿನ ವರ್ಷ ನಾನು ಇಲ್ಲೇ ಇರುತ್ತೇನೆ ಪುಟ್ಟಿ. ಅದಕ್ಕೇ ಇದೆಲ್ಲ.

ಮಾರ್ಚ್ 12, ಬುಧವಾರ. ಕಾಕ್ಕನಾಡ್

ಒಪ್ಪಿದರು! ಎಲ್ಲರೂ. ತಿರುವನಂತಪುರದ ಆಫೀಸು ಜೂನಿನಿಂದ. ಜನಾರ್ದನ ಸರ್ ಕೈಕುಲುಕಿ "ವೆಲ್ ಡನ್ ಹರಿಣಾಕ್ಷಿ" ಎಂದರು. ಲಡ್ಡು ಹಂಚಿದರು. ಮನೆಗೆ ಫೋನ್ ಮಾಡಿ ಹೇಳಬೇಕು... ಅದಕ್ಕೆ ಮೊದಲು ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ತೆರೆದೆ. ಇವತ್ತು ನಿಂತ ದೀಪಗಳು.

ಪಟ್ಟಂ, ತಿರುವನಂತಪುರ. ಶಾಂತಾ.

ಅತ್ತೆಯ ಹೆಸರು. ನಮ್ಮ ಮನೆ.

ಸಂಜೆ 6.30

ಫೋನ್ ಮಾಡಿದೆ. ದಿಶಾ ಎತ್ತಿದಳು. "ವಿಳಕ್ಕ್ ಕೆಟ್ಟು ಅಮ್ಮಾ." ದೀಪ ಆರಿತು ಎಂದು, ಸಾದಾ ಸುದ್ದಿ ಹೇಳುವ ಹಾಗೆ. ಅತ್ತೆ ಮೂರು ಸಲ ಹಚ್ಚಿದರಂತೆ. ನಿಲ್ಲಲಿಲ್ಲ. ಎಣ್ಣೆ ಇದೆ. ಕೀ ಯಾರೂ ಮುಟ್ಟಿಲ್ಲ.

ಗೌರಿಯವರು ಮಾಡಿದ ತಪ್ಪು ನಾನು ಮಾಡುವುದಿಲ್ಲ. ಹೊರಗಿರುವವರನ್ನು ಮೊದಲು ಎಣಿಸಬೇಕು. ಇವರು ನಾಳೆ ಬೆಳಗ್ಗೆ ವಿಮಾನದಲ್ಲಿ ಬೆಂಗಳೂರಿಗೆ ಹೊರಟವರು. ಬೇಡ ಎಂದೆ. ಬೈದರು. ಅತ್ತುಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ ಇವರ ಮೇಲೆ ಕಿರುಚಿದೆ. ಕೊನೆಗೆ, "ಆಯ್ತು ಮಾರಾಯ್ತಿ, ಹೋಗುದಿಲ್ಲ. ಅಳಬೇಡ."

ಅತ್ತೆಗೆ ಪೊಂಗಾಲ ಬೇಡ ಎಂದೆ. ಎಲ್ಲಿ ನೋಡಿದರೂ ಬೆಂಕಿ, ಹೊಗೆ, ನೂಕುನುಗ್ಗಲು, ಜೊತೆಗೆ ಮಗು. ಅವರು ಮೆಲ್ಲಗೆ, "ನೀನು ಬಾ ಮೊದ್ಲು," ಎಂದರು. ಅವರಿಗೂ ಗೊತ್ತಿದೆ. ಎಷ್ಟು ದಿನದಿಂದ ಗೊತ್ತಿತ್ತೋ.

ಈಗಲೇ ಹೊರಡುತ್ತೇನೆ ಎಂದೆ. ಪೊಂಗಾಲಕ್ಕೆ ಹೋಗುವ ಹೆಂಗಸರಿಂದ ರೈಲುಗಳೆಲ್ಲ ತುಂಬಿವೆ. ಕತ್ತಲಲ್ಲಿ ಟ್ಯಾಕ್ಸಿ ಬೇಡ, ಬೆಳಕು ಹರಿದ ಮೇಲೆ ಬಾ ಎಂದು ಇವರ ಹಟ. ಟ್ಯಾಕ್ಸಿಗೆ ಹೇಳಿಟ್ಟಿದ್ದೇನೆ.

ಲಡ್ಡು ಮೇಜಿನ ಮೇಲೆ ಹಾಗೇ ಇದೆ. ಇರುವೆ ಬಂದಿದೆ.

ಮಾರ್ಚ್ 13, ಗುರುವಾರ. ಬೆಳಗ್ಗೆ 8.10, ಕಾರಿನಲ್ಲಿ

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗೆ. ಆಲಪ್ಪುಳ ದಾಟಿತು. ಹೆದ್ದಾರಿಯ ತುಂಬ ಅಗೆತ, ಹಳದಿ ಯಂತ್ರಗಳು, ಅಲ್ಲಲ್ಲಿ ತಿರುವು. ಒಳ್ಳೆ ಬಿಸಿಲು. ಡ್ರೈವರ್ ಇನ್ನೂ ಹುಡುಗ, ರೇಡಿಯೊ ಹಾಕಿದ್ದಾನೆ. ಬೇಗ ಹೋಗು, ಹತ್ತಕ್ಕೆ ಮೊದಲು ಊರು ಸೇರಬೇಕು, ಆಮೇಲೆ ಪೊಂಗಾಲಕ್ಕೆ ರಸ್ತೆ ಮುಚ್ಚುತ್ತಾರೆ ಎಂದು ಹೇಳಿದ್ದೇನೆ. ಹುಡುಗ ಖುಷಿಯಾಗಿ ಆಕ್ಸಿಲರೇಟರ್ ಒತ್ತಿದ್ದಾನೆ.

ಮನೆಗೆ ಫೋನ್ ಮಾಡಿದೆ. ಇವರು ಸೋಫಾದಲ್ಲಿ. ಅತ್ತೆ ಅಡುಗೆಮನೆಯಲ್ಲಿ, ಗ್ಯಾಸ್ ಹಚ್ಚಬೇಡಿ ಎಂದಿದ್ದೇನೆ. ದಿಶಾ ಟೀವಿಯ ಮುಂದೆ. ಮೂವರೂ ಒಳಗೆ. ಬಾಗಿಲಿಗೆ ಚಿಲಕ.

8.50

ಕಾಯಂಕುಳಂ ಹತ್ತಿರ. ನಾನೇ ಗೆದ್ದೆ ಅನ್ನಿಸುತ್ತಿದೆ. ಇವತ್ತು, ನಾಳೆ, ಎರಡು ದಿನ ಕಳೆದರೆ ಮೂರನೆಯ ದಿನ ಮುಗಿಯುತ್ತದೆ. ಆಮೇಲೆ ಆ ಯಂತ್ರವನ್ನು ಸಮುದ್ರಕ್ಕೆ ಎಸೆಯುವುದು. ಅತ್ತೆಗೆ ಮಾಮೂಲಿ ದೀಪ ಸಾಕು.

9.20

ದಿಶಾಳ ಫೋನ್ ಬಂತು. ಎಲ್ಲಿದ್ದೀ ಎಂದು. ನಾನೇ ಮೊದಲು ಕೇಳಿದೆ — "ಎಲ್ಲರೂ ಒಳಗೇ ಇದ್ದೀರಲ್ಲ ಪುಟ್ಟಿ?"

ಕನ್ನಡದಲ್ಲಿ ಉತ್ತರಿಸಿದಳು. ಅಜ್ಜಿ ಹೇಳಿಕೊಟ್ಟಿದ್ದೋ, ತಾನಾಗಿಯೇ ಬಂದದ್ದೋ.

"ಇಲ್ಲ ಅಮ್ಮಾ. ನೀನು ಹೊರಗೆ ಇದ್ದೀ."

ನಾಲ್ವರು. ಅತ್ತೆ ದಿನಾ ನಾಲ್ಕು ಜನಕ್ಕೇ ಅಕ್ಕಿ ಹಾಕುತ್ತಿದ್ದರು. ಆ ಮನೆಯಲ್ಲಿ ನಾನೂ ಒಬ್ಬಳು ಎಂದು ದೀಪಕ್ಕೂ ಗೊತ್ತಿತ್ತು, ನನಗೆ ಗೊತ್ತಾಗಲಿಲ್ಲ. ಅಳು ಬರುತ್ತಿದೆ. ಅಳುವುದೂ ಬರೆಯುವುದೂ ಆಮೇಲೆ. ಮೊದಲು ಈ ಹುಡುಗನಿಗೆ ನಿಧಾನ ಹೋಗು ಎಂದು